ಅಮ್ಮತ್ತಿ ಸಂತೆಯಲ್ಲಿ ಜಪ್ತಿಯಾದ ಕಣಿಲೆ

ಗೆಳೆಯರೇ, ಇವತ್ತು ಅಮ್ಮತ್ತಿ ಸಂತೆಯಲ್ಲಿ ಕಾಡಂಚಿನ ಹಾಡಿಯಿಂದ ಬರುವ ಬೊಳ್ಳಿ ಎಂಬ ಹೆಂಗಸಿನ ಹತ್ತಿರ ಕಣಿಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಆರಿಸುತ್ತಿದ್ದೆ. ಫಾರೆಸ್ಟ್ ಗಾರ್ಡ್ ಬಂದು ಬುಟ್ಟಿಯನ್ನೇ ಜಪ್ತಿ ಮಾಡಿದ.

"ಸರ್ಕಾರದ ಬಿದಿರು ಮುರಿಯೋಕೆ ನಿಂಗೆ ಯಾರು ಹೇಳಿದ್ದು?"

"ಈ ಮಳೆಗೆ ನಮ್ಗೆ ಬೇರೆ ಏನುಂಟು ಸಾಮಿ? ಮಕ್ಕಳಿಗೆ ಅಕ್ಕಿ ತಕ್ಕೊಂಡು ಹೋಗ್ಬೇಕು."

ಬಿಳಿಯರ ಆಡಳಿತದಲ್ಲೂ ಇವಳ ತಾಯಿ ಇಲ್ಲೇ ಕೂತು ಕಣಿಲೆ ಮಾರುತ್ತಿದ್ದಳು, ಯಾರೂ ತಡೆದದ್ದು ನನಗೆ ನೆನಪಿಲ್ಲ. ಈಗ, ಈ 1952ರಲ್ಲಿ, ಕೊಡಗಿಗೆ ತನ್ನದೇ ಸರ್ಕಾರವಿದೆ. ಗಾರ್ಡ್‌ಗೆ ಅದನ್ನೇ ಹೇಳಿದೆ.

"ಕಾನೂನು ನಂಗೆ ಗೊತ್ತುಂಟು, ನೀವು ಸುಮ್ನಿರಿ" ಎಂದ.

ಬುಟ್ಟಿ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು, ದನಿ ತಗ್ಗಿಸಿ ಅವಳನ್ನೇ ಕೇಳಿದ: "ಇದನ್ನ ಎಷ್ಟು ದಿನ ನೀರಲ್ಲಿ ಹಾಕ್ಬೇಕು?"

"ಮೂರು ದಿನ ಸಾಮಿ. ದಿನಾ ನೀರು ಬದ್ಲಿಸಿ, ಇಲ್ಲಾಂದ್ರೆ ವಿಷ."

ಬೊಳ್ಳಿ ಸುಳ್ಳು ಹೇಳಬಹುದಿತ್ತು. ನಾನಾಗಿದ್ದರೆ, ಇವತ್ತೇ ಹುರಿದು ತಿನ್ನಿ ಎನ್ನುತ್ತಿದ್ದೆ.