ಬೋರಲು ಮಲಗದ ಗಡಿಯಾರ

ಕುರಿಚಿಯಲ್ಲಿ ಮೋಟಾರಿನ ಬಿಡಿಭಾಗಗಳ ಅಂಗಡಿ ಇಟ್ಟಿರುವ ಕೃಷ್ಣಸಾಮಿಯವರ ಕೈಗೆ ಹಳೆಯ ಮಿಲಿಟರಿ ವಾಚು ಸಿಕ್ಕರೆ ಅವರು ಅದರ ಮುಖ ನೋಡುವವರಲ್ಲ. ಹೆಣ್ಣು ನೋಡಲು ಬಂದ ಹಿರಿಯರು ಕುಲಗೋತ್ರ ಕೇಳುವಂತೆ ಮೊದಲು ಅದರ ಬೆನ್ನು ತಿರುಗಿಸಿ ನೋಡುತ್ತಾರೆ. ಭೂತಗನ್ನಡಿ ಕಣ್ಣಿಗೇರಿತೆಂದರೆ ಊಟಕ್ಕೆ ಕರೆಯುವ ಹೆಂಡತಿ ವಳ್ಳಿಯಮ್ಮನ ದನಿಯೂ ಕಿವಿಗೆ ಬೀಳದು. ಸೈನ್ಯದ ಸೊತ್ತೆಂದು ಬೆನ್ನಲ್ಲಿ ಕೊರೆದ ಬಾಣದ ಗುರುತು, ಸವೆದ ನಂಬರು ಹಿಡಿದು ಅದು ಯಾವ ಸೈನ್ಯದ್ದೆಂದು ದೇಶದೇಶದ ವಾಚಿನ ಹುಚ್ಚರನ್ನೆಲ್ಲ ಫೋನಿನಲ್ಲಿ ವಿಚಾರಿಸಿ ತೀರ್ಪು ಕೊಡುತ್ತಾರೆ. ದಾಕ್ಷಿಣ್ಯವೆಂಬುದೇ ಇಲ್ಲ. ವೆಳ್ಳಕೋಯಿಲಿನ ಬೀಗರು ತಾತನ ಯುದ್ಧದ ವಾಚೆಂದು ರೇಷ್ಮೆಯಲ್ಲಿ ಸುತ್ತಿ ತಂದದ್ದಕ್ಕೂ, "ಒಡಲು ಒಂದು ಊರ್ದು, ಮುಖ ಇನ್ನೊಂದು ಊರ್ದು. ನಿಮ್ಮ ತಾತನ್ನ ಯಾರೋ ಏಮಾರ್ಸಿಬಿಟ್ಟವ್ರೆ ಸಂಬಂದಿ" ಎಂದುಬಿಟ್ಟರು. ಬೀಗರು ಕಾಫಿಯನ್ನೂ ಕುಡಿಯದೆ ಎದ್ದುಹೋದರು. ಆಯುಧಪೂಜೆಯಲ್ಲಿ ವಾಚುಗಳನ್ನೆಲ್ಲ ಬೋರಲು ಮಲಗಿಸಿ ಬೆನ್ನಿಗೇ ಕುಂಕುಮ ಇಡುವುದು ಅವರ ಪದ್ಧತಿ. "ಜಾತಕ ಇರೋದು ಅಲ್ಲೇ" ಎನ್ನುತ್ತಾರೆ. ಒಂದು ವಾಚು ಮಾತ್ರ ಪ್ರತಿ ವರ್ಷವೂ ಅಂಗಾತ ಇರುತ್ತದೆ. ಬರ್ಮಾ ಯುದ್ಧದಲ್ಲಿ ಬಿಳಿ ದೊರೆಯೊಬ್ಬ ತನ್ನ ಕೈಯಿಂದಲೇ ಬಿಚ್ಚಿ ತಮ್ಮ ಕೈಗೆ ಕಟ್ಟಿದನೆಂದು ಅವರ ಅಪ್ಪ ಸಾಯುವವರೆಗೂ ಹೇಳುತ್ತಿದ್ದ ವಾಚು ಅದು. ಈ ವರ್ಷ ಹೊಸ ಸೊಸೆ ಗೋಕಿಲಾ ತಿಳಿಯದೆ ಅದನ್ನೂ ತಿರುವಲು ಹೋದಾಗ ಕೃಷ್ಣಸಾಮಿ ತಟ್ಟನೆ ಕೈ ಅಡ್ಡ ಇಟ್ಟರು. "ಅದು ನಮ್ಮಪ್ಪನ್ದಮ್ಮಾ, ಹಂಗೇ ಇರ್ಲಿ" ಎಂದರು. ಅದರ ಬೆನ್ನು ನುಣ್ಣಗಿದೆ, ಬಾಣವೂ ಇಲ್ಲ, ನಂಬರೂ ಇಲ್ಲ ಎಂಬುದು ವರ್ಷವರ್ಷವೂ ಧೂಳು ಒರೆಸುವ ವಳ್ಳಿಯಮ್ಮನಿಗೆ ಗೊತ್ತು. ಅವಳು ಅದರ ಗಾಜಿನ ಮೇಲೆ ಎಲ್ಲಕ್ಕಿಂತ ದೊಡ್ಡ ಬೊಟ್ಟು ಇಟ್ಟಳು.