ಬೇಲಿಯಾಚೆಯ ದನಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ಕಾಫಿಯ ನೆಪ ಮಾಡಿಕೊಂಡು ಎದ್ದು ಹೋಗುತ್ತಿದ್ದವನು ನಾನು. ದೆವ್ವ, ಶಕುನ, ಕನಸಿನಲ್ಲಿ ಬಂದು ಬುದ್ಧಿ ಹೇಳಿದ ಅಜ್ಜಿ, ಇವೆಲ್ಲ ನಿದ್ದೆಗೆಟ್ಟವರ ಮಾತು ಎಂದೇ ತಿಳಿದಿದ್ದೆ. ಈಗಲೂ ಹೆಚ್ಚುಕಡಿಮೆ ಹಾಗೆಯೇ ತಿಳಿದಿದ್ದೇನೆ. ಆದರೆ ಎಪ್ಪತ್ತರ ದಶಕದ ಆರಂಭದಲ್ಲಿ ನ್ಯೂ ಜರ್ಸಿಯ ಒಂದು ರೇಸ್ ಮೈದಾನದಲ್ಲಿ, ನನ್ನ ಹೆಂಡತಿಯ ಪಕ್ಕದಲ್ಲೇ ನಿಂತು ಕಂಡದ್ದನ್ನು ಏನೆಂದು ಕರೆಯಬೇಕೋ ತಿಳಿಯುವುದಿಲ್ಲ. ನಡೆದ ಹಾಗೆ ಬರೆಯುತ್ತೇನೆ. ನೀವು ನಂಬಲೇಬೇಕೆಂದೇನೂ ಇಲ್ಲ.

ನಾವಾಗ ಜರ್ಸಿ ಸಿಟಿಯಲ್ಲಿ ಒಂದು ಹಳೆಯ ಕಟ್ಟಡದ ಬಾಡಿಗೆ ಮನೆಯಲ್ಲಿದ್ದೆವು. ನಾನು ಮೈಸೂರಿನವನು, ಇಂಜಿನಿಯರ್. ವಾರವೆಲ್ಲ ಡ್ರಾಯಿಂಗ್ ಬೋರ್ಡಿನ ಮುಂದೆ ಬಗ್ಗಿ ನಿಲ್ಲುತ್ತಿದ್ದ ನನಗೆ ಶನಿವಾರದ ಸ್ಟಾಕ್ ಕಾರ್ ರೇಸ್ ಒಂದು ಹುಚ್ಚು. ಗುಜರಿ ಸೇರಬೇಕಾದ ಹಳೆಯ ಕಾರುಗಳನ್ನು ಬಿಚ್ಚಿ, ಒಳಗೆ ಕಬ್ಬಿಣದ ಕೊಳವೆಗಳ ಗೂಡು ಕಟ್ಟಿ, ದೊಡ್ಡ ಎಂಜಿನ್ ಕೂರಿಸಿ, ಮೊಟ್ಟೆಯಾಕಾರದ ಸಣ್ಣ ಟ್ರ್ಯಾಕಿನಲ್ಲಿ ಒಬ್ಬರ ಬೆನ್ನಿಗೊಬ್ಬರು ಬಿದ್ದಂತೆ ಓಡಿಸುತ್ತಿದ್ದರು. ಓಡಿಸುವವರು ವಾರದ ದಿನಗಳಲ್ಲಿ ಟ್ರಕ್ ಡ್ರೈವರುಗಳೋ ಪ್ಲಂಬರುಗಳೋ ಆಗಿರುತ್ತಿದ್ದರು. ನನ್ನ ಮೆಚ್ಚಿನವನು ಲಿಯೊ ಎಂಬಾತ. ಅವನದು ನೀಲಿ ಕಾರು. ತಿರುವಿನಲ್ಲಿ ಎಲ್ಲರೂ ಬ್ರೇಕ್ ತುಳಿದ ಮೇಲೂ ಅವನು ಇನ್ನೊಂದು ಉಸಿರಿನಷ್ಟು ಕಾಯುತ್ತಿದ್ದ. ಅದನ್ನು ನೋಡುವುದಕ್ಕೆಂದೇ ನಾನು ಅಷ್ಟು ದೂರ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ.

ನನ್ನ ಹೆಂಡತಿ ಸುಶೀಲಾ ಧಾರವಾಡದವಳು. ಮದುವೆಯಾಗಿ ಇಲ್ಲಿಗೆ ಬಂದು ವರ್ಷ ತುಂಬಿರಲಿಲ್ಲ. ಇಂಗ್ಲಿಷ್ ಓದಬಲ್ಲಳು, ಇಲ್ಲಿನವರು ಆಡಿದ್ದು ಮಾತ್ರ ಕಿವಿಗೆ ಹತ್ತುತ್ತಿರಲಿಲ್ಲ. ಒಂದು ಶನಿವಾರ, “ವಾರಾವಾರಾ ಹೋಗ್ತೀರಿ, ಅಂಥಾದ್ದೇನದ ಅಲ್ಲೆ? ನಾನೂ ಒಮ್ಮೆ ನೋಡೇ ಬಿಡ್ತೇನಿ” ಎಂದು ಹೊರಟೇಬಿಟ್ಟಳು.

ಮೊದಲ ರೇಸಿನಲ್ಲೇ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಸುಟ್ಟ ರಬ್ಬರಿನ ಪುಡಿ ಹಾರಿ ಬಂದು ನಮ್ಮ ಹಲ್ಲುಗಳ ನಡುವೆ ಕರಕರ ಎನ್ನುತ್ತಿತ್ತು. ಮುಂದಿನ ರೇಸ್ ಅರ್ಧವಾಗಿತ್ತೋ ಏನೋ, ಹಿಂದಿನ ಕಾರು ತಾಗಿ ಲಿಯೊನ ಕಾರು ಗೋಡೆಗೆ ಅಪ್ಪಳಿಸಿತು. ಪಲ್ಟಿ ಹೊಡೆದು, ಮೈದಾನದ ಆಚೆ ಬದಿಯಲ್ಲಿ ಮಗ್ಗುಲಾಗಿ ಬಿತ್ತು. ಇಡೀ ಗ್ಯಾಲರಿ ಎದ್ದು ನಿಂತು ಕೇಕೆ ಹಾಕಿತು. ಅಂಥ ಕೇಕೆಯನ್ನು ನಾನು ಎಷ್ಟೋ ಸಲ ಕೇಳಿದ್ದೆ, ಎಂಜಿನ್ ಸದ್ದಿನ ಜೊತೆಗೆ ಅದೂ ಒಂದು ಎಂದುಕೊಂಡಿದ್ದೆ. ಅಂದು ಎಂಜಿನ್‌ಗಳೆಲ್ಲ ನಿಂತ ಮೇಲೆ ಅದು ಬರಿಯ ಮನುಷ್ಯರ ಗಂಟಲಿನಿಂದ ಬರುವುದು ಕೇಳಿಸಿತು. ಅದು ಖುಷಿಯ ಕೇಕೆ.

ಲಿಯೊನನ್ನು ಹೊರತೆಗೆಯುವುದು ತಡವಾಯಿತು. ಜನರಿಗೆ ಬೇಸರ ಬಂತು. ಮೊದಲು ಅಲ್ಲೊಬ್ಬರು ಇಲ್ಲೊಬ್ಬರು, ಆಮೇಲೆ ಎಲ್ಲರೂ ಸೇರಿ ‘ಬೂ’ ಎಂದು ಮೂದಲಿಸಿ ಕೂಗತೊಡಗಿದರು. ಮರದ ಬೆಂಚುಗಳ ಮೇಲೆ ಬೂಟುಕಾಲಿನಿಂದ ತಾಳ ಹಾಕಿದರು. ಧ್ವನಿವರ್ಧಕದವನು, ರೇಸ್ ಇದೀಗ ಶುರುವಾಗುತ್ತದೆ, ಅಷ್ಟರಲ್ಲಿ ಹೋಗಿ ಹಾಟ್ ಡಾಗ್ ತಗೊಳ್ಳಿ, ಈಗ ಸಾಲು ಚಿಕ್ಕದಿದೆ ಎಂದ. ನಮ್ಮ ಹಿಂದಿನ ಬೆಂಚಿನವನು ಒಂದು ಕೈಯಲ್ಲಿ ದುರ್ಬೀನು, ಇನ್ನೊಂದರಲ್ಲಿ ಬಿಯರ್ ಹಿಡಿದು, “ಇನ್ನೂ ಅಲ್ಲಾಡುತ್ತಿಲ್ಲ, ಇನ್ನೂ ಇಲ್ಲ” ಎಂದು ಸುತ್ತಲಿನವರಿಗೆ ವರದಿ ಒಪ್ಪಿಸುತ್ತಿದ್ದ. ಅವನ ಗಲ್ಲಕ್ಕೆ ಸಾಸಿವೆಯ ಸಾಸ್ ಮೆತ್ತಿಕೊಂಡಿತ್ತು. ಪ್ರತಿ ವರದಿಗೂ ಅವರೆಲ್ಲ ನಗುತ್ತಿದ್ದರು. ನನಗೆ ಹೇಸಿಗೆಯಾಯಿತು.

ಆಗ ಸುಶೀಲಾ ಎದ್ದು ನಿಂತಳು.

“ಎಳೀಬ್ಯಾಡ್ರಿ, ಎಳೀಬ್ಯಾಡ್ರಿ ಅನ್ಲಿಕತ್ತಾನ. ಯಾರೂ ಕೇಳವಲ್ಲರಲ್ರೀ!”

“ಯಾರು?” ಎಂದೆ.

“ಆ ಗಾಡಿ ಒಳಗಿನಂವಾ. ಎಡಗಾಲು ಸಿಕ್ಕೊಂಡದ, ಮದಲ ಅದನ್ನ ಬಿಡಸ್ರಿ ಅಂತಾನ.”

ನಾವು ಕೂತಲ್ಲಿಂದ ಆ ಕಾರಿಗೆ ಇಡೀ ಮೈದಾನದ ಅಂತರ. ನಡುವೆ ತಂತಿ ಬೇಲಿ, ಸುತ್ತ ಸಾವಿರಾರು ಜನರ ಬೊಬ್ಬೆ. ಪಕ್ಕದಲ್ಲಿದ್ದ ಅವಳ ಮಾತೇ ನನಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ.

“ಕನ್ನಡದಲ್ಲಿ ಹೇಳ್ತಿದ್ದಾನಾ?”

“ಹೌದು” ಎಂದಳು, ಅದನ್ನು ಆಗಷ್ಟೇ ಗಮನಿಸಿದವಳಂತೆ. “ಬರ್ರಿ, ಲಗೂನ ಬರ್ರಿ.”

ಹಿಂದಿನವನು “ಸಿಟ್ ಡೌನ್, ಲೇಡಿ!” ಎಂದು ಅರಚಿದ. ಅವನ ಬಿಯರ್ ಚೆಲ್ಲಿ ಅವಳ ಸೀರೆಯೆಲ್ಲ ಒದ್ದೆಯಾಯಿತು. ಅವಳು ತಿರುಗಿಯೂ ನೋಡದೆ ಮೆಟ್ಟಿಲಿಳಿದು ಓಡಿದಳು, ನಾನೂ ಹಿಂದೆ ಓಡಿದೆ. ಬೇಲಿಯ ಉದ್ದಕ್ಕೂ ಸುತ್ತು ಹಾಕಿ ಆಚೆ ಬದಿ ಮುಟ್ಟಿದಾಗ, ಇಬ್ಬರು ಕಿಟಕಿಯೊಳಗೆ ಕೈ ಹಾಕಿ ಲಿಯೊನ ಹೆಗಲು ಹಿಡಿದು ಎಳೆಯುತ್ತಿದ್ದರು. ಪೆಟ್ರೋಲ್ ಸೋರುತ್ತಿತ್ತು, ಅವರಿಗೆ ಆತುರ. ಸುಶೀಲಾ ತಂತಿ ಹಿಡಿದು ಕನ್ನಡದಲ್ಲೇ ಕೂಗಿದಳು. ನಾನು ಅದನ್ನೇ ಇಂಗ್ಲಿಷಿನಲ್ಲಿ ಕೂಗಿದೆ. ಕಾವಲಿನವನು ನಮ್ಮನ್ನು ಹಿಂದಕ್ಕೆ ತಳ್ಳಿದ. ಸಲಕರಣೆ ತರಲು ಓಡುತ್ತಿದ್ದ ಅಗ್ನಿಶಾಮಕದವನೊಬ್ಬ ಮಾತ್ರ ನಿಂತು, ನಿಮಗೆ ಹೇಗೆ ಗೊತ್ತು ಎಂದು ಕೇಳಿದ. ನಾನೇ ಆ ಕಾರಿನ ಇಂಜಿನಿಯರ್ ಎಂದುಬಿಟ್ಟೆ. ಬೇರೇನು ಹೇಳಲಿ?

ಅವನು ಓಡಿಹೋಗಿ ಎಳೆಯುವವರನ್ನು ತಡೆದ. ನೆಲಕ್ಕೆ ಮಲಗಿ ಒಳಗೆ ಟಾರ್ಚ್ ಬಿಟ್ಟು ನೋಡಿದ. ಆಮೇಲೆ ಅವರು ಏನನ್ನೋ ಕತ್ತರಿಸುತ್ತ ಬಹಳ ಹೊತ್ತು ಕಾರಿನೊಳಗೆ ಬಗ್ಗಿಕೊಂಡೇ ಇದ್ದರು. ಕೊನೆಗೆ ಲಿಯೊನನ್ನು ಸ್ಟ್ರೆಚರಿನ ಮೇಲೆ ಮಲಗಿಸಿದರು. ಆಂಬ್ಯುಲೆನ್ಸ್ ಗೇಟು ದಾಟುವ ಮೊದಲೇ ಟ್ರ್ಯಾಕಿನ ಎಣ್ಣೆಯ ಮೇಲೆ ಮರಳು ಸುರಿದು ಬಾವುಟ ಬೀಸಿದರು. ಜನ ಚಪ್ಪಾಳೆ ತಟ್ಟಿದ್ದು ರೇಸ್ ಮತ್ತೆ ಶುರುವಾದದ್ದಕ್ಕೆ.

ಪಾರ್ಕಿಂಗಿನಲ್ಲಿ ಸುಶೀಲಾ ವಾಂತಿ ಮಾಡಿಕೊಂಡಳು. ದಾರಿಯಲ್ಲಿ ಅವಳು ಆಡಿದ್ದು ಒಂದೇ ಮಾತು: “ಅಷ್ಟ ಜೋರಾಗಿ ಒದರ್ಲಿಕತ್ತಿದ್ದ, ನಿಮಗ ಹ್ಯಾಂಗ ಕೇಳಸಲಿಲ್ಲ?”

ಮುಂದಿನ ವಾರ ಆಸ್ಪತ್ರೆಗೆ ಹೋದೆವು. ಲಿಯೊನ ಎಡಗಾಲಿಗೆ ತೊಡೆಯವರೆಗೆ ಪ್ಲಾಸ್ಟರ್. ಅವನ ಹೆಂಡತಿ ನಮ್ಮನ್ನು ಕೂರಿಸಿ ಎಲ್ಲ ಹೇಳಿದಳು. ಪಾದ ಪೆಡಲಿನ ಹಿಂದೆ ತಿರುಚಿ ಸಿಕ್ಕಿತ್ತಂತೆ. ಇನ್ನೆರಡು ಸಲ ಜಗ್ಗಿದ್ದರೆ ರಕ್ತನಾಳ ಹರಿದು ಅಲ್ಲೇ ಮುಗಿಯುತ್ತಿತ್ತು ಎಂದರಂತೆ ಡಾಕ್ಟರು. ಗೋಡೆಗೆ ಬಡಿದಾಗಲೇ ಲಿಯೊಗೆ ಪ್ರಜ್ಞೆ ಹೋಗಿತ್ತು. ಹೊರತೆಗೆದವರೂ ಅವನು ನರಳಲೂ ಇಲ್ಲ ಎಂದಿದ್ದರು. ನಾನು ಆ ದಿನದ ಸಂಗತಿ ಹೇಳಿದೆ. ಲಿಯೊ ನಗಲಿಲ್ಲ. ಸುಶೀಲಾಳ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ ಏನೇನೋ ಹೇಳಿದ. ಅವಳಿಗೆ ಎಷ್ಟು ಅರ್ಥವಾಯಿತೋ, ತಲೆ ತಗ್ಗಿಸಿ ಅವನ ಮಾತು ಮುಗಿಯುವವರೆಗೆ ಕೇಳಿದಳು.

ಹೊರಗೆ ಬಂದು ಲಿಫ್ಟಿಗೆ ಕಾಯುತ್ತಿದ್ದಾಗ ಅವಳು ಮೆಲ್ಲಗೆ, “ಇಂವಾ ಅಲ್ರೀ” ಎಂದಳು.

“ಅಂದ್ರೆ?”

“ಅವತ್ತ ಒದರಿದ್ದು ಈ ದನಿ ಅಲ್ಲ. ಅದು ವಯಸ್ಸಾದಂವನ ದನಿ.”

ಆ ಕಾರಿನಲ್ಲಿ ಇದ್ದದ್ದು ಒಂದೇ ಸೀಟು.

ಆಮೇಲೆ ನಾನು ಯಾವ ರೇಸಿಗೂ ಹೋಗಿಲ್ಲ. ಯಾರ ದನಿ, ಯಾವಾಗಲಾದರೂ ಕೇಳಿದ್ದೆಯಾ ಎಂದು ಸುಶೀಲಾಳನ್ನು ಎಷ್ಟೋ ಸಲ ಕೆದಕಿದ್ದೇನೆ. “ನನಗೇನು ಗೊತ್ತು, ನಾ ಕೇಳಿದ್ದಷ್ಟ ಹೇಳೀನಿ” ಎನ್ನುತ್ತಾಳೆ. ನಾನೂ ಅವಳ ಪಕ್ಕದಲ್ಲೇ ಇದ್ದೆ, ನನ್ನ ಕಿವಿಯೂ ಚೆನ್ನಾಗಿಯೇ ಇತ್ತು. ನನಗೆ ಅವತ್ತು ಕೇಳಿಸಿದ್ದು, ಇವತ್ತಿಗೂ ಕೇಳಿಸುವುದು, ಆ ‘ಬೂ’ ಒಂದೇ.