ಎರಡು ಸೀಸೆ, ಅರ್ಧ ಗಂಟೆ

ಆರೋಗ್ಯ ಕೇಂದ್ರದ ಲಸಿಕೆ ಕೋಣೆಯನ್ನು ಇಪ್ಪತ್ತೆರಡು ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ದಾದಿಯನ್ನು ಊರೆಲ್ಲ ಕರೆಯುತ್ತಿದ್ದದ್ದು ಫ್ರಿಜ್ಜಕ್ಕ ಎಂದೇ. ಫ್ರಿಜ್ಜಿನೊಳಗೆ ಎರಡರಿಂದ ಎಂಟು ಡಿಗ್ರಿ ಇರಬೇಕು. ಇಲ್ಲದಿದ್ದರೆ ಅವಳಿಗೆ ಅನ್ನ ಗಂಟಲಲ್ಲಿ ಇಳಿಯದು.

ಆ ಸೋಮವಾರ ತಾಪಮಾನದ ಯಂತ್ರದಲ್ಲಿ ಸೊನ್ನೆಗಿಂತ ಕೆಳಗಿನ ಅಂಕಿ ಕಂಡಿತು. ತಪ್ಪು ಅವಳದೇ. ಶನಿವಾರದ ಸುಡುಬಿಸಿಲಿಗೆ ಹೆದರಿ ಫ್ರಿಜ್ಜಿನ ಗುಂಡಿಯನ್ನು ಇನ್ನಷ್ಟು ತಂಪಿಗೆ ತಿರುಗಿಸಿ ಮನೆಗೆ ಹೋಗಿದ್ದಳು. ಅದರಲ್ಲಿದ್ದ ಮಕ್ಕಳ ಲಸಿಕೆಗೆ ಸೆಕೆಗಿಂತ ಹೆಪ್ಪುಗಟ್ಟುವುದೇ ದೊಡ್ಡ ಶತ್ರು ಎಂದು ಹೊಸಬರಿಗೆ ಪಾಠ ಹೇಳುವವಳೂ ಅವಳೇ! ಉಳಿದವು ಕೆಟ್ಟಿವೆಯೇ ಎಂದು ಹೋಲಿಸಿ ನೋಡಲು ಒಂದು ಸೀಸೆಯನ್ನು ಬೇಕೆಂದೇ ಹೆಪ್ಪುಗಟ್ಟಿಸಲು ಇಟ್ಟಳು.

ಮರುದಿನ ಸಂಜೆ ಶಾಲೆಯ ಸಭಾಂಗಣದಲ್ಲಿ ಲಸಿಕೆಯ ಚರ್ಚೆ. ಹೊಸ ತಂತ್ರಜ್ಞಾನದ ಲಸಿಕೆ ಬೇಡವೆಂದು ಅರ್ಧ ಜನ, ಹಳೆಯದರಲ್ಲಿ ಏನೇನೋ ಬೆರೆಸಿದ್ದಾರೆಂದು ಇನ್ನರ್ಧ. ಮುಂದಿನ ಸಾಲಿನಲ್ಲಿ ಅವಳ ತಂಗಿ, ತೊಡೆಯ ಮೇಲೆ ಹತ್ತು ವಾರದ ಕೂಸು. ತಂಗಿಯ ಗಂಡ ಫೋನು ನೋಡಿಕೊಂಡೇ ಕೇಳಿದ:

“ಅತ್ತಿಗೆ, ಡಾಕ್ಟ್ರು ಎಲ್ಲಾ ಸುರಕ್ಷಿತ ಅಂತಾರೆ. ನಿಮ್ಮ ಫ್ರಿಜ್ಜಲ್ಲಿರೋದನ್ನ ಹೆಂಗೆ ನಂಬೋದು? ಹೇಳಿ, ಇಲ್ಲಾಂದ್ರೆ ನಾವು ಮಗೂಗೆ ಹಾಕ್ಸಲ್ಲ.”

ಫ್ರಿಜ್ಜಕ್ಕ ಚೀಲದಿಂದ ಎರಡು ಸೀಸೆ ತೆಗೆದಳು. ಪಕ್ಕದಲ್ಲಿದ್ದ ಕೇಂದ್ರದ ವೈದ್ಯರು ಪಿಸುಗುಟ್ಟಿದರು: “ಈಗ್ಲೇ ಬೇಕಾ ಇದು? ಮೊದ್ಲೇ ಹೊತ್ಕೊಂಡು ಉರೀತಿದೆ.”

“ಈಗ ಮುಚ್ಚಿಟ್ರೆ, ನಾಳೆ ಯಾವ ಮುಖ ಹೊತ್ಕೊಂಡು ಸೂಜಿ ಹಿಡೀಲಿ ಸಾರ್?”

ತನ್ನ ತಪ್ಪನ್ನು ಅವಳು ಇದ್ದದ್ದು ಇದ್ದಹಾಗೆ ಹೇಳಿದಳು. “ಇದನ್ನ ನಾನೇ ಹೆಪ್ಪುಗಟ್ಟಿಸಿ ಕರಗಿಸಿದ್ದು. ಇದು ಫ್ರಿಜ್ಜಿಂದು, ಅನುಮಾನದ್ದು. ಎರಡನ್ನೂ ಕುಲುಕಿ ಇಡ್ತೀನಿ. ಚೆನ್ನಾಗಿದ್ರೆ ಅರ್ಧ ಗಂಟೆ ಆದ್ರೂ ಬೆಳ್ಳಗೇ ಇರುತ್ತೆ. ಕೆಟ್ಟಿದ್ರೆ ಬಿಳುಪು ತಳ ಸೇರಿ ಮೇಲೆ ನೀರು ತಿಳಿಯಾಗುತ್ತೆ.”

“ಅರ್ಧ ಗಂಟೆ ಬಾಯಿ ಮುಚ್ಕೊಂಡು ಕೂರೋದಾ? ನಮ್ಮ ಊರ ಕೈಲಿ ಆಗುತ್ತಾ?” ಎಂದ ಹಿಂದೆ ಕೂತಿದ್ದ ಊರ ಕ್ಷೌರಿಕ. ಆದರೂ ಎಲ್ಲರೂ ಕುತ್ತಿಗೆ ಚಾಚಿ ಕೂತರು.

ಎರಡರಲ್ಲೂ ಬಿಳುಪು ತಳ ಸೇರಿತು.

“ಇದು ವಿಷ ಅಲ್ಲ, ಆದ್ರೆ ಕೆಲ್ಸಕ್ಕೂ ಬರಲ್ಲ. ಫ್ರಿಜ್ಜಲ್ಲಿರೋ ಐವತ್ತು ಸೀಸೆಯೂ ಕಸಕ್ಕೆ,” ಎಂದಳು. “ಹೊಸ ಬಗೆಯ ಲಸಿಕೇನ ಹೀಗೆ ಕುಲುಕಿ ನೋಡಕ್ಕಾಗಲ್ಲ, ಅದರ ಪರೀಕ್ಷೆನೇ ಬೇರೆ. ಯಾವುದರಲ್ಲಾದ್ರೂ ಜ್ವರ ಬರಬಹುದು, ಅಪರೂಪಕ್ಕೆ ದೊಡ್ಡ ತೊಂದ್ರೆನೂ ಆಗಬಹುದು. ಅದಕ್ಕೇ ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸ್ಕೊಳ್ಳೋದು. ಕೇಳೋರು ಕೇಳಿ. ನಾನು ತೋರ್ಸೋದನ್ನ ತೋರ್ಸ್ತೀನಿ.”

ತಂಗಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. “ಹೊಸ ದಾಸ್ತಾನು ಯಾವಾಗಕ್ಕಾ?”

“ಗುರುವಾರ.”

“ಅಲ್ಲೀವರ್ಗೂ ಆ ಗುಂಡಿ ಮುಟ್ಬೇಡ ಮಾರಾಯ್ತಿ!”

ಸಭೆ ನಕ್ಕಿತು. ತಂಗಿಯ ಗಂಡ ಮಾತ್ರ ನಗಲಿಲ್ಲ.

ಗುರುವಾರ ಬೆಳಿಗ್ಗೆ ಬೆಂಚಿನ ಮೇಲೆ ಮೊದಲು ಬಂದು ಕೂತದ್ದು ತಂಗಿ. ಅವಳ ಗಂಡ ನೇರವಾಗಿ ಫ್ರಿಜ್ಜಿನ ಬಳಿ ಹೋಗಿ ತಾಪಮಾನದ ಯಂತ್ರವನ್ನು ಬಾಗಿ ನೋಡಿದ.

“ನಾಲ್ಕು, ಅತ್ತಿಗೆ.”

ಫ್ರಿಜ್ಜಕ್ಕ ಪಟ್ಟಿಯಲ್ಲಿ ನಾಲ್ಕು ಎಂದು ಬರೆದಳು. ಹೊಸ ಸೀಸೆಯೊಂದನ್ನು ಕುಲುಕಿ ಕಿಟಕಿಯ ಬೆಳಕಿಗೆ ಹಿಡಿದಳು. ಹಾಲಿನಂತೆ ಬೆಳ್ಳಗಿತ್ತು.

“ತಾ ಇಲ್ಲಿ ನನ್ನ ಬಂಗಾರಾನ,” ಎಂದು ಕೂಸಿನತ್ತ ಕೈ ಚಾಚಿದಳು.